ಕಲ್ಯಾಣದಲ್ಲಿ ಕೂಡಿ ಕಲಿತವರು

‘ಅನುಭವ ಮಂಟಪ ಖರೇನೆ ಎಲ್ಲಿತ್ರಿ ಮೇಡಂ?’ ಇತಿಹಾಸದ ಪಾಠ ಹನ್ನೆರಡನೆಯ ಶತಮಾನಕ್ಕೆ ಬಂದಾಗಲೆಲ್ಲ ಈ ಪ್ರಶ್ನೆ ಬಂದೇ ಬರುತ್ತದೆ. ಕೇಳುವವರು ದೂರದ ಊರಿನವರಲ್ಲ, ಬಸವಕಲ್ಯಾಣ, ಹುಲಸೂರು, ರಾಜೇಶ್ವರಗಳಿಂದ ದಿನಾ ಬೆಳಿಗ್ಗೆ ಬಸ್ಸು ಹಿಡಿದು ಹುಮನಾಬಾದಿನ ಕಾಲೇಜಿಗೆ ಬರುವ ನಮ್ಮ ಮಕ್ಕಳೇ. ಅವರು ತ್ರಿಪುರಾಂತ ಕೆರೆ ನೋಡಿದ್ದಾರೆ, ಹರಳಯ್ಯನ ಗವಿ, ಅಕ್ಕ ನಾಗಮ್ಮನ ಗವಿ, ನುಲಿಯ ಚಂದಯ್ಯನ ಗವಿ ಎಲ್ಲ ಹೊಕ್ಕು ಬಂದಿದ್ದಾರೆ. ಈಗಿರುವ ಅನುಭವ ಮಂಟಪದ ಕಟ್ಟಡ ಕಳೆದ ಶತಮಾನದ್ದು, ಭಾಲ್ಕಿಯ ಚನ್ನಬಸವ ಪಟ್ಟದೇವರ ಶ್ರಮದ ಫಲ ಎಂಬುದೂ ಅವರಿಗೆ ಗೊತ್ತು. ಹಾಗಾದರೆ ಹಳೆಯದು ಎಲ್ಲಿ ಎಂಬುದು ಅವರ ನ್ಯಾಯವಾದ ಪ್ರಶ್ನೆ.

ಇತಿಹಾಸ ಕಲಿಸುವವಳಾಗಿ ನಾನು ಮೊದಲು ಆಧಾರಗಳ ಮಾತು ಹೇಳುತ್ತೇನೆ. ಬಸವಣ್ಣನವರನ್ನು ಹೆಸರಿಸುವ ಪ್ರಮುಖ ಶಾಸನ ಬೆಳಗಾವಿ ಜಿಲ್ಲೆಯ ಅರ್ಜುನವಾಡದ್ದು, ಕಾಲ 1260. ಅವರು ತೀರಿಕೊಂಡು ಸುಮಾರು ನೂರು ವರ್ಷವಾದ ಮೇಲಿನ ಮಾತು ಅದು. ಶರಣರು ಕೂಡಿ ಚರ್ಚಿಸುತ್ತಿದ್ದ ಅನುಭವ ಮಂಟಪದ ಸಭೆಗಳನ್ನು ಕಣ್ಣಿಗೆ ಕಟ್ಟುವಂತೆ ತೋರಿಸುವ ‘ಶೂನ್ಯಸಂಪಾದನೆ’ ಇನ್ನೂ ತಡವಾಗಿ, ಹದಿನೈದನೆಯ ಶತಮಾನದಲ್ಲಿ ಸಿದ್ಧವಾದ ಗ್ರಂಥ. ಶಿವಗಣಪ್ರಸಾದಿ ಮಹಾದೇವಯ್ಯ ಮೊದಲು ಅದನ್ನು ಕಟ್ಟಿದ, ಹಲಗೆಯದೇವ, ಗುಮ್ಮಳಾಪುರದ ಸಿದ್ಧಲಿಂಗಯತಿ, ಗೂಳೂರು ಸಿದ್ಧವೀರಣ್ಣೊಡೆಯ ಮತ್ತೆ ಮತ್ತೆ ಪರಿಷ್ಕರಿಸಿದರು. ಹೀಗಾಗಿ ಕಂಬ, ಕಟ್ಟೆ, ಚಾವಣಿಗಳಿದ್ದ ಒಂದು ಮಂಟಪವೇ ಇತ್ತೇ, ಬಸವಣ್ಣನವರ ಮಹಾಮನೆಯ ಕೂಟಕ್ಕೇ ಮುಂದಿನವರು ಆ ಹೆಸರಿಟ್ಟರೇ ಎಂದು ವಿದ್ವಾಂಸರು ಇಂದಿಗೂ ವಾದಿಸುತ್ತಾರೆ. ವಾದಿಸಲಿ. ನನಗೆ ಮುಖ್ಯವಾದದ್ದು ಆ ಕೂಟದಲ್ಲಿ ಯಾರು ಯಾರ ಪಕ್ಕ ಕುಳಿತರು, ಯಾರು ಯಾರನ್ನು ಪ್ರಶ್ನಿಸಿದರು, ಉತ್ತರ ಕೊಡದವರ ಗತಿ ಏನಾಯಿತು ಎಂಬುದು. ಇದಕ್ಕೆ ಸಾಕ್ಷಿ ಕಲ್ಲಿನಲ್ಲಿಲ್ಲದಿದ್ದರೂ ವಚನಗಳಲ್ಲಿ ದಂಡಿಯಾಗಿದೆ.

ಶರಣರಿಗಿಂತ ಮುಂಚೆಯೇ ಈ ನೆಲ ವಿದ್ಯೆಯ ನೆಲ. ಚಾಳುಕ್ಯ ದೊರೆ ಒಂದನೆಯ ಸೋಮೇಶ್ವರ ಮಾನ್ಯಖೇಟದಿಂದ ರಾಜಧಾನಿಯನ್ನು ಕಲ್ಯಾಣಕ್ಕೆ, ಅಂದರೆ ಇಂದಿನ ಬಸವಕಲ್ಯಾಣಕ್ಕೆ, ತಂದ. ಅವನ ಮಗ ಆರನೆಯ ವಿಕ್ರಮಾದಿತ್ಯ 1076ರಿಂದ 1126ರವರೆಗೆ ಆಳಿದ. ಅವನ ಆಸ್ಥಾನಕ್ಕೆ ಕಾಶ್ಮೀರದಿಂದ ಕವಿ ಬಿಲ್ಹಣ ಬಂದ. ವಿಜ್ಞಾನೇಶ್ವರ ಯಾಜ್ಞವಲ್ಕ್ಯ ಸ್ಮೃತಿಗೆ ‘ಮಿತಾಕ್ಷರಾ’ ವ್ಯಾಖ್ಯಾನ ಬರೆದದ್ದು ಇಲ್ಲಿಯೇ. ಬ್ರಿಟಿಷರ ಕಾಲದ ನ್ಯಾಯಾಲಯಗಳು ಹಿಂದೂ ಅವಿಭಕ್ತ ಕುಟುಂಬದ ಆಸ್ತಿಯ ವ್ಯಾಜ್ಯಗಳಲ್ಲಿ ಆಧಾರವಾಗಿ ಹಿಡಿದದ್ದು ಈ ಗ್ರಂಥವನ್ನು. ಕಲ್ಯಾಣದಂಥ ಪಟ್ಟಣ ಹಿಂದೆ ಇರಲಿಲ್ಲ, ಮುಂದೆಯೂ ಇರದು ಎಂದು ಅದರ ಕೊನೆಯಲ್ಲಿ ಅವನು ಹೊಗಳಿದ್ದಾನೆ. ಆ ಗ್ರಂಥ ನಡೆಯುವ ರೀತಿಯೂ ಗಮನಿಸತಕ್ಕದ್ದು. ಮೊದಲು ಎದುರಾಳಿಯ ವಾದವನ್ನು ಪೂರ್ತಿ ಮಂಡಿಸಿ, ಆಮೇಲೆ ಅದನ್ನು ಖಂಡಿಸಿ, ಕಡೆಗೆ ತನ್ನ ತೀರ್ಮಾನಕ್ಕೆ ಬರುವ ಶಾಸ್ತ್ರದ ಶಿಸ್ತು ಅದು. ಎದುರಿನವನ ಮಾತನ್ನು ಅವನಿಗಿಂತ ಚೆನ್ನಾಗಿ ಹೇಳಬಲ್ಲವನಿಗೇ ಅದನ್ನು ಖಂಡಿಸುವ ಅಧಿಕಾರ.

ಚಿತ್ತಾಪುರದ ಬಳಿಯ ನಾಗಾವಿಯಲ್ಲಿ 1058ರ ಶಾಸನವಿದೆ. ಅಲ್ಲಿನ ಘಟಿಕಾಸ್ಥಾನದಲ್ಲಿ ವೇದ ಕಲಿಯುವವರು 200 ಮಂದಿ, ಶಾಸ್ತ್ರ ಕಲಿಯುವವರು 50ಕ್ಕೂ ಮೇಲೆ. ಅವರಿಗೆ ಊಟ ವಸತಿಯ ಏರ್ಪಾಡು, ಪುಸ್ತಕ ನೋಡಿಕೊಳ್ಳಲು 6 ಮಂದಿ ಸರಸ್ವತಿ ಭಂಡಾರಿಗರು. ಸುಮಾರು ಒಂದು ಸಾವಿರ ವರ್ಷದ ಹಿಂದೆ ನಮ್ಮ ಸೀಮೆಯ ಒಂದು ವಿದ್ಯಾಸಂಸ್ಥೆಯಲ್ಲಿ 6 ಮಂದಿ ಗ್ರಂಥಪಾಲಕರಿದ್ದರು ಎಂಬುದನ್ನು ತರಗತಿಯಲ್ಲಿ ನಾನು ಒತ್ತಿ ಹೇಳುತ್ತೇನೆ. ಇಂದಿನ ಎಷ್ಟೋ ಕಾಲೇಜುಗಳಲ್ಲಿ ಒಬ್ಬರೂ ಇಲ್ಲ.

ಇಷ್ಟೆಲ್ಲ ಇದ್ದರೂ ಆ ವಿದ್ಯೆಯ ಬಾಗಿಲು ಕೆಲವರಿಗಷ್ಟೇ ತೆರೆದಿತ್ತು. ವೇದ ಓದುವವರು ವೇದ ಓದುವವರ ಜೊತೆ ಕುಳಿತರು. ವಾದ ನಡೆದದ್ದು ಒಂದೇ ಬಗೆಯ ಓದು, ಒಂದೇ ಬಗೆಯ ಹುಟ್ಟು ಇದ್ದವರ ನಡುವೆ, ಅದೂ ಸಂಸ್ಕೃತದಲ್ಲಿ. ಆ ಕಾಲದ ಬಗ್ಗೆ ಬೇರೊಂದು ಸುಳಿವು ಕೊಡುವವಳು ಹುಮನಾಬಾದ್ ತಾಲ್ಲೂಕಿನ ಜಲಸಂಗ್ವಿಯ ಹೆಣ್ಣು. ಅಲ್ಲಿನ ಚಾಳುಕ್ಯರ ಗುಡಿಯ ಹೊರಗೋಡೆಯಲ್ಲಿ ಸಾಲಾಗಿ ನಿಂತ ಮದನಿಕೆಯರಲ್ಲಿ ಒಬ್ಬಳು ಬರೆಯುತ್ತಿದ್ದಾಳೆ. ಮೈ ಬಳುಕಿಸಿ ನಿಂತಿದ್ದಾಳೆ, ದೃಷ್ಟಿ ಬರಹದ ಮೇಲಿದೆ. ಬರೆಯುತ್ತಿರುವುದು ವಿಕ್ರಮಾದಿತ್ಯನನ್ನು ಹೊಗಳುವ ಸಂಸ್ಕೃತ ಶ್ಲೋಕ. ಅಕ್ಷರಗಳು ಇಂದಿಗೂ ಕಾಣುತ್ತವೆ.

ವಿದ್ಯಾರ್ಥಿಗಳನ್ನು ಅಲ್ಲಿಗೆ ಕರೆದೊಯ್ದಾಗ ಒಂದು ತಂಡಕ್ಕೆ ಒಂದೇ ಪ್ರಶ್ನೆ ಕೊಟ್ಟಿದ್ದೆ: ಈ ಶಿಲ್ಪ ಅಂದಿನ ಹೆಣ್ಣುಮಕ್ಕಳ ಓದುಬರಹಕ್ಕೆ ಸಾಕ್ಷಿಯಾಗುತ್ತದೆಯೇ, ಇಲ್ಲವೇ? ಹಳ್ಳಿಖೇಡದ ಹುಡುಗಿ ‘ಅಕಿ ಬರೀಲತ್ತಾಳಲ್ರಿ, ಇನ್ನೇನ್ ಸಾಕ್ಷಿ ಬೇಕ್ರಿ’ ಅಂದಳು. ತಂಡದ ಹುಡುಗನೊಬ್ಬ, ಶಿಲ್ಪಿ ಚೆಲುವಿಗಾಗಿ ಕೆತ್ತಿದ್ದಾನೆ, ಗುಡಿಗಳ ಮೇಲೆ ಹೆಣ್ಣು ಕನ್ನಡಿಯನ್ನೂ ಹಿಡಿದಿರುತ್ತಾಳೆ, ಮದ್ದಳೆಯನ್ನೂ ಬಾರಿಸುತ್ತಾಳೆ ಅಂದ. ಮದ್ದಳೆ ಬಾರಿಸುವ ಹೆಣ್ಣು ಊರಲ್ಲಿ ಇದ್ದದ್ದಕ್ಕೇ ಕೆತ್ತಿದ, ಬರೆಯುವ ಹೆಣ್ಣನ್ನು ಒಮ್ಮೆಯೂ ಕಾಣದವನಿಗೆ ಕೈ ಹಾಗೆ ಹಿಡಿಸುವುದು ಹೇಗೆ ತಿಳಿಯುತ್ತದೆ ಎಂದು ಅವಳು ತಿರುಗಿ ಕೇಳಿದಳು. ಎಲ್ಲರೂ ಗೋಡೆಗೆ ಹತ್ತಿರ ಹೋಗಿ ಆ ಬೆರಳುಗಳನ್ನು ನೋಡತೊಡಗಿದರು. ಒಂದು ಗಂಟೆ ನಾನು ನಿಂತು ಉಪನ್ಯಾಸ ಮಾಡಿದ್ದರೆ ಒಬ್ಬರೂ ಆ ಬೆರಳು ನೋಡುತ್ತಿರಲಿಲ್ಲ.

ಈಗ ಹನ್ನೆರಡನೆಯ ಶತಮಾನದ ನಡುಭಾಗಕ್ಕೆ ಬರೋಣ. ಕಳಚುರಿ ಬಿಜ್ಜಳ ಕಲ್ಯಾಣದ ಗದ್ದುಗೆಯ ಮೇಲಿದ್ದಾನೆ. ದೂರದ ಬಳ್ಳಿಗಾವಿಯ ಕೋಡಿಮಠದಲ್ಲಿ ವ್ಯಾಕರಣ, ದರ್ಶನ, ಯೋಗಗಳ ಪಾಠ ನಡೆಯುತ್ತಿದೆ. ಬಡವರಿಗೆ ಅನ್ನ, ರೋಗಿಗಳಿಗೆ ಔಷಧ ಸಿಗುತ್ತಿತ್ತೆಂದು ಅಲ್ಲಿನ 1162ರ ಶಾಸನ ವಿವರವಾಗಿ ಹೇಳುತ್ತದೆ. ಅದೇ ವರ್ಷಗಳಲ್ಲಿ ಕಲ್ಯಾಣದಲ್ಲಿ ಬಸವಣ್ಣನವರ ಸುತ್ತ ಸೇರಿದ ಜನರನ್ನು ನೋಡಿ. ಬಟ್ಟೆ ಮಡಿ ಮಾಡುವ ಮಾಚಿದೇವ, ಬುಟ್ಟಿ ಹೆಣೆಯುವ ಮೇದಾರ ಕೇತಯ್ಯ, ದೋಣಿ ನಡೆಸುವ ಅಂಬಿಗರ ಚೌಡಯ್ಯ, ಚರ್ಮ ಹದ ಮಾಡುವ ಡೋಹರ ಕಕ್ಕಯ್ಯ, ದನ ಕಾಯುವ ತುರುಗಾಹಿ ರಾಮಣ್ಣ, ಹೊಲ ಉಳುವ ಒಕ್ಕಲಿಗ ಮುದ್ದಣ್ಣ, ವೈದ್ಯ ಸಂಗಣ್ಣ, ನೂಲುವ ಕದಿರ ರೆಮ್ಮವ್ವೆ, ಸೂಳೆ ಸಂಕವ್ವ. ವಚನ ಬರೆದ ಹೆಣ್ಣುಮಕ್ಕಳೇ 30ಕ್ಕೂ ಹೆಚ್ಚು. ಶರಣರ ಲೆಕ್ಕವನ್ನು ಪರಂಪರೆ 770 ಅಮರಗಣಂಗಳು ಎಂದು ಹೇಳುತ್ತದೆ. ಈ ಮಂದಿ ಒಂದೇ ಹಾಸಿನ ಮೇಲೆ ಕುಳಿತು, ಕನ್ನಡದಲ್ಲಿ, ತಮ್ಮ ತಮ್ಮ ಕಸುಬಿನ ಮಾತಿನಲ್ಲಿ ವಾದಿಸಿದರು. ನಾಗಾವಿಯಲ್ಲಿ ಇಲ್ಲದ್ದು, ಕೋಡಿಮಠದಲ್ಲೂ ಇಲ್ಲದ್ದು ಇದು.

ಆ ಕೂಟಕ್ಕೊಂದು ಕಟ್ಟುನಿಟ್ಟು ಇತ್ತು. ಮೊದಲನೆಯದಾಗಿ, ಪ್ರತಿಯೊಬ್ಬರಿಗೂ ಸ್ವಂತ ಅಂಕಿತ. ಗುಂಪಿನ ಹೆಸರಲ್ಲಿ ಯಾರೂ ವಚನ ಹೇಳಲಿಲ್ಲ. ಆಯ್ದಕ್ಕಿ ಮಾರಯ್ಯನ ಮಾತು ಮಾರಯ್ಯನದು, ಹೆಂಡತಿ ಲಕ್ಕಮ್ಮನ ಮಾತು ಲಕ್ಕಮ್ಮನದು. ತನ್ನ ಮಾತಿಗೆ ತಾನೇ ಹೊಣೆಯಾಗಿ ಆಮೇಲೆ ಸಭೆಗೆ ಬರಬೇಕು. ಎರಡನೆಯದಾಗಿ, ಬಂದ ಮೇಲೆ ಆ ಮಾತನ್ನು ಸಭೆ ಒರೆಗೆ ಹಚ್ಚುತ್ತದೆ. ಹಿರಿಯರೆಂದು ಬಿಡುವುದಿಲ್ಲ.

ಅಕ್ಕಮಹಾದೇವಿ ಉಡುತಡಿಯಿಂದ ಕಲ್ಯಾಣಕ್ಕೆ ಬಂದ ಪ್ರಸಂಗವನ್ನು ‘ಶೂನ್ಯಸಂಪಾದನೆ’ ವಿಸ್ತಾರವಾಗಿ ಕೊಡುತ್ತದೆ. ಊರ ಹೊರಗೇ ಕಿನ್ನರಿ ಬ್ರಹ್ಮಯ್ಯ ಅವಳನ್ನು ಪರೀಕ್ಷಿಸುತ್ತಾನೆ. ಒಳಗೆ ಬಂದರೆ ಸಭೆಯ ಅಧ್ಯಕ್ಷ ಅಲ್ಲಮಪ್ರಭು ಎದುರು. ನಿನ್ನ ಗಂಡ ಯಾರು ಎಂದು ಕೇಳುತ್ತಾನೆ. ದೇಹದ ಹಂಗು ತೊರೆದವಳು ಕೂದಲಿನಿಂದ ಮೈ ಮುಚ್ಚಿಕೊಂಡದ್ದು ಯಾಕೆ ಎಂದು ಕೇಳುತ್ತಾನೆ. ತುಂಬಿದ ಸಭೆಯಲ್ಲಿ ಒಬ್ಬ ತರುಣಿಗೆ ಇದಕ್ಕಿಂತ ಕಠಿಣ ಪ್ರಶ್ನೆ ಇರಲಾರದು. ಅವಳು ಅಳುಕದೆ ಉತ್ತರಿಸುತ್ತಾಳೆ. ಪ್ರಶ್ನೆಯ ಮೇಲೆ ಪ್ರಶ್ನೆ, ಉತ್ತರದ ಮೇಲೆ ಉತ್ತರ ಬೆಳೆದು ಕಡೆಗೆ ಅಲ್ಲಮನೇ ಅವಳ ನಿಲುವನ್ನು ಒಪ್ಪುತ್ತಾನೆ, ಬಸವಣ್ಣ, ಚೆನ್ನಬಸವಣ್ಣ ಅವಳ ಹಿರಿಮೆಯನ್ನು ಸಭೆಗೆ ಎತ್ತಿ ಹೇಳುತ್ತಾರೆ. ಸಭೆಯ ಅಧ್ಯಕ್ಷ ಸೋತದ್ದಕ್ಕೆ ಯಾರೂ ಮುಖ ಕೆಡಿಸಿಕೊಳ್ಳುವುದಿಲ್ಲ.

ಸೊನ್ನಲಿಗೆಯ ಸಿದ್ಧರಾಮನ ಕಥೆ ಇನ್ನೊಂದು ಬಗೆಯದು. ಇಂದಿನ ಸೊಲ್ಲಾಪುರ ಅದು, ನಮ್ಮೂರ ಹೆದ್ದಾರಿಯಲ್ಲೇ ಪಶ್ಚಿಮಕ್ಕೆ ಹೋದರೆ ಸಿಗುತ್ತದೆ. ಕೆರೆ ಕಟ್ಟಿಸಿ, ಗುಡಿ ಕಟ್ಟಿಸಿ ಹೆಸರಾದ ದೊಡ್ಡ ಮನುಷ್ಯ ಅವನು. ಅಲ್ಲಮ ಹೋಗಿ ಕೆರೆಯ ಕೆಲಸದವರ ಮುಂದೆ ‘ವಡ್ಡರಾಮ’ ಎಂದು ಕೂಗಿ ಕೆಣಕಿದ. ಕೆಲಸದವರು ಕಲ್ಲೆಸೆದರು. ಮಾತಿಗೆ ಮಾತು ಬೆಳೆದು ಸಿದ್ಧರಾಮ ಕಲ್ಯಾಣಕ್ಕೆ ಬಂದ. ಅಲ್ಲಿ ಅವನಿಗೆ ದೀಕ್ಷೆ ಕೊಟ್ಟು ತಿಳಿವಳಿಕೆ ಹೇಳಿದವನು ಚೆನ್ನಬಸವಣ್ಣ, ಆ ಸಭೆಯಲ್ಲಿ ವಯಸ್ಸಿನಲ್ಲಿ ತೀರ ಕಿರಿಯ. ಹಿರಿಯನೊಬ್ಬ ಕಿರಿಯನ ಮುಂದೆ ಕುಳಿತು ಕಲಿಯುವುದನ್ನು ನಾವು ಇಂದೂ ಸುಲಭವಾಗಿ ಒಪ್ಪುವುದಿಲ್ಲ.

ನನ್ನ ಮಟ್ಟಿಗೆ ಎಲ್ಲಕ್ಕಿಂತ ದೊಡ್ಡ ಪ್ರಸಂಗ ಆಯ್ದಕ್ಕಿ ದಂಪತಿಗಳದು. ಬಸವಣ್ಣನವರ ಮನೆಯಂಗಳದಲ್ಲಿ ಚೆಲ್ಲಿದ ಅಕ್ಕಿ ಆಯ್ದು ತರುವುದು ಮಾರಯ್ಯನ ಕಾಯಕ. ಒಂದು ದಿನ ಅಲ್ಲಮನ ಜೊತೆ ಅನುಭಾವದ ಮಾತಿನಲ್ಲಿ ಮೈಮರೆತು ಕುಳಿತುಬಿಟ್ಟ. ಲಕ್ಕಮ್ಮ ಬಂದು, ಕಾಯಕದ ಹೊತ್ತಾಯಿತು ಎಂದು ಎಬ್ಬಿಸಿದಳು. ಅವನು ಹೋಗಿ ಎಂದಿಗಿಂತ ಹೆಚ್ಚು ಅಕ್ಕಿ ತಂದ. ಇಷ್ಟು ನಮಗೆ ಬೇಕಿಲ್ಲ, ಹೆಚ್ಚಿನದನ್ನು ತಂದಲ್ಲಿಯೇ ಸುರಿದು ಬಾ ಎಂದಳು. ಅನುಭವ ಮಂಟಪದ ಚರ್ಚೆಗಿಂತ ಕಾಯಕ ಮೇಲು ಎಂದು ಆ ಮಂಟಪದವರಿಗೇ ನೆನಪಿಸಿದವಳು ಅವಳು. ಸಂಗಡಿಗನ ತಪ್ಪನ್ನು ಮುಖಕ್ಕೆ ಮುಖ ಕೊಟ್ಟು, ಪ್ರೀತಿ ಕೆಡದಂತೆ ಹೇಳುವ ಈ ಧೈರ್ಯ ಕಲಿಸುವುದಕ್ಕೆ ಯಾವ ಪಠ್ಯಪುಸ್ತಕವೂ ಇಲ್ಲ.

ಈ ಕೂಟ ಹೆಚ್ಚು ಕಾಲ ಉಳಿಯಲಿಲ್ಲ. ಬ್ರಾಹ್ಮಣ ಮಧುವರಸನ ಮಗಳಿಗೂ ಚಮ್ಮಾರ ಹರಳಯ್ಯನ ಮಗನಿಗೂ ಮದುವೆಯಾಯಿತು. ತಂದೆಯರಿಬ್ಬರಿಗೆ ಆನೆಯ ಕಾಲಿಗೆ ಕಟ್ಟಿ ಎಳೆಸುವ ಎಳೆಹೂಟೆಯ ಶಿಕ್ಷೆಯಾಯಿತು. 1167ರಲ್ಲಿ ಬಿಜ್ಜಳನ ಆಳ್ವಿಕೆ ಮುಗಿದು ಮಗ ಸೋವಿದೇವ ಪಟ್ಟಕ್ಕೆ ಬಂದ. ಶರಣರು ಕೂಡಲಸಂಗಮ, ಉಳವಿ, ಶ್ರೀಶೈಲ ಎಂದು ಚದುರಿದರು. ಈ ದುರಂತದ ಬಗ್ಗೆ ಬರೆದದ್ದು ಸಾಕಷ್ಟಿದೆ, ಇಲ್ಲಿ ಬೆಳೆಸುವುದಿಲ್ಲ. ನನ್ನ ಗಮನ ಬೇರೆ ಕಡೆ. ಎರಡೂವರೆ ಶತಮಾನ ಕಳೆದ ಮೇಲೆ ವಚನಗಳನ್ನು ಒಟ್ಟು ಮಾಡಿದವರು ಅವನ್ನು ಬರೀ ಸಂಗ್ರಹವಾಗಿ ಜೋಡಿಸಿಡಬಹುದಿತ್ತು. ಅವರು ಸಂವಾದವಾಗಿ ಕಟ್ಟಿದರು. ಈ ಮಾತಿಗೆ ಆ ಮಾತು ಉತ್ತರ, ಆ ಉತ್ತರಕ್ಕೆ ಇವಳ ಆಕ್ಷೇಪ ಎಂದು ಪೋಣಿಸಿದರು. ಕಲ್ಯಾಣದಿಂದ ಬಂದ ವಿದ್ಯೆಯನ್ನು ಕಲಿಸಬೇಕಾದರೆ ಕೂಟದ ರೂಪದಲ್ಲೇ ಕಲಿಸಬೇಕೆಂದು ಅವರಿಗೆ ಅನ್ನಿಸಿತ್ತು ಎಂದು ನಾನು ತಿಳಿದಿದ್ದೇನೆ.

ಆಮೇಲೂ ಈ ಸೀಮೆಯಲ್ಲಿ ಕೂಡಿ ಕಲಿಯುವ ಜಾಗಗಳು ಹುಟ್ಟುತ್ತಲೇ ಬಂದವು. ಬೀದರಿನಲ್ಲಿ ಮಹಮೂದ್ ಗವಾನ್ 1472ರಲ್ಲಿ ಮೂರು ಅಂತಸ್ತಿನ ಮದರಸಾ ಕಟ್ಟಿಸಿ ವಿದ್ಯಾರ್ಥಿಗಳಿಗೂ ಗುರುಗಳಿಗೂ ಅಲ್ಲಿಯೇ ವಾಸಕ್ಕೆ ಕೋಣೆ ಕೊಟ್ಟ. ಬಸವಕಲ್ಯಾಣದ ಹತ್ತಿರದ ಲಾಡವಂತಿಯಲ್ಲಿ 1817ರಲ್ಲಿ ಹುಟ್ಟಿದ ಮಾಣಿಕಪ್ರಭುಗಳು ಹುಮನಾಬಾದಿನ ಪಕ್ಕ ಮಾಣಿಕನಗರ ಕಟ್ಟಿ, ಎಲ್ಲ ಮತಗಳೂ ನಮ್ಮವೇ ಎನ್ನುವ ಸಕಲಮತ ಸಂಪ್ರದಾಯ ನಡೆಸಿದರು. ಅವರ ದರ್ಬಾರಿನಲ್ಲಿ ಹಿಂದೂಗಳೂ ಮುಸ್ಲಿಮರೂ ಕೂಡುತ್ತಿದ್ದರು, ಅವರ ಪದಗಳು ಮರಾಠಿ, ಕನ್ನಡ, ಹಿಂದಿಯಲ್ಲಿವೆ. ಅಲ್ಲಿನ ಸಂಗೀತ ಸಭೆಗಳಿಗೆ ಇಂದಿಗೂ ದೊಡ್ಡ ಕಲಾವಿದರು ಬರುತ್ತಾರೆ. ನಿಜಾಮರ ಆಳ್ವಿಕೆಯಲ್ಲಿ ಉರ್ದು ಶಾಲೆಯ ಭಾಷೆಯಾಗಿದ್ದಾಗ ಚನ್ನಬಸವ ಪಟ್ಟದೇವರು ಹೊರಗೆ ಉರ್ದು ಫಲಕ ಹಾಕಿ ಒಳಗೆ ಕನ್ನಡ ಕಲಿಸಿದ್ದನ್ನು ನಮ್ಮ ಭಾಗದ ಪ್ರತಿ ಮನೆಯಲ್ಲೂ ಹೇಳುತ್ತಾರೆ. 1956ರ ನವೆಂಬರ್ 1ರಂದು ಬೀದರ್ ಜಿಲ್ಲೆಯ ಕನ್ನಡ ಭಾಗ ಮೈಸೂರು ರಾಜ್ಯಕ್ಕೆ ಸೇರಿತು. 1980ರಲ್ಲಿ ಗುಲಬರ್ಗಾ ವಿಶ್ವವಿದ್ಯಾಲಯ, 2023ರಲ್ಲಿ ಬೀದರ್ ವಿಶ್ವವಿದ್ಯಾಲಯ ಬಂದವು.

ವಿಶ್ವವಿದ್ಯಾಲಯ ಬಂತು, ಕೂಟ ಹೋಯಿತು ಎನ್ನುವುದು ನನ್ನ ನೋವು. ನಾನು ಪಾಠಕ್ಕೆ ನಿಲ್ಲುವ ಕೋಣೆಯಲ್ಲಿ ಬೆಂಚುಗಳೆಲ್ಲ ಕರಿಹಲಗೆಯ ಕಡೆ ಮುಖ ಮಾಡಿವೆ. ಮುಂದಿನ ಬೆಂಚಿನವರಿಗೆ ಹಿಂದಿನ ಬೆಂಚಿನವರ ಮುಖ ಕಾಣದು. ಪದವಿ ಮುಗಿಸಿ ಸಂದರ್ಶನಕ್ಕೆ ಹೋದ ನಮ್ಮ ಮಕ್ಕಳು, ಉತ್ತರ ಗೊತ್ತಿದ್ದರೂ ಬಾಯಿ ಬರಲಿಲ್ಲ ಮೇಡಂ ಎಂದು ಬಂದು ಹೇಳುತ್ತಾರೆ. ಮನೆಯಲ್ಲಿ ಮರಾಠಿ, ಓಣಿಯಲ್ಲಿ ದಖನಿ ಉರ್ದು, ತಾಂಡಾದಲ್ಲಿ ಲಂಬಾಣಿ, ಬಸ್ ನಿಲ್ದಾಣದಲ್ಲಿ ತೆಲುಗು, ತರಗತಿಯಲ್ಲಿ ಕನ್ನಡ ಆಡುವ ಮಕ್ಕಳು ಇವರು. ಇಷ್ಟು ಭಾಷೆ ಬಲ್ಲವರಿಗೆ ಬಾಯಿ ಬರಲಿಲ್ಲವೆಂದರೆ ಕೊರತೆ ಅವರದ್ದಲ್ಲ, ಮಾತಾಡಿಸದ ನಮ್ಮ ಪದ್ಧತಿಯದ್ದು.

ಈ ಕೊರಗಿನಲ್ಲಿದ್ದಾಗ ಲ್ಯಾರಿ ಮೈಕೆಲ್‌ಸನ್ ಅವರ ‘ತಂಡ ಕಲಿಕೆ’ಯ ವಿಚಾರ ಓದಿದೆ. ಅವರು ಅಮೆರಿಕದ ಒಕ್ಲಹೋಮಾ ವಿಶ್ವವಿದ್ಯಾಲಯದಲ್ಲಿ ನಿರ್ವಹಣಾ ವಿಷಯದ ಪ್ರಾಧ್ಯಾಪಕರಾಗಿದ್ದರು. 1970ರ ದಶಕದ ಕೊನೆಗೆ ಅವರ ತರಗತಿ 40ರಿಂದ 120 ವಿದ್ಯಾರ್ಥಿಗಳಿಗೆ ಏರಿತು. ಅಷ್ಟು ಜನಕ್ಕೆ ಉಪನ್ಯಾಸವೊಂದೇ ದಾರಿ ಎಂದು ಉಳಿದವರು ಹೇಳಿದಾಗ ಅವರು ತರಗತಿಯನ್ನು ಐದರಿಂದ ಏಳು ಜನರ ಕಾಯಂ ತಂಡಗಳಾಗಿ ಒಡೆದರು. ವಿದ್ಯಾರ್ಥಿ ಮನೆಯಲ್ಲಿ ಓದಿಕೊಂಡು ಬರಬೇಕು. ತರಗತಿಯಲ್ಲಿ ಮೊದಲು ಒಬ್ಬೊಬ್ಬರಿಗೂ ಚಿಕ್ಕ ಪರೀಕ್ಷೆ. ಆಮೇಲೆ ಅದೇ ಪ್ರಶ್ನೆಗಳಿಗೆ ತಂಡವಾಗಿ ಚರ್ಚಿಸಿ ಒಂದೇ ಉತ್ತರ. ಉತ್ತರ ತಪ್ಪೆಂದರೆ ಆಧಾರ ಕೊಟ್ಟು ಲಿಖಿತವಾಗಿ ಆಕ್ಷೇಪಿಸಬಹುದು. ಅದಾದ ಮೇಲೆ ನಿಜವಾದ ಒಂದು ಸಮಸ್ಯೆ, ಎಲ್ಲ ತಂಡಕ್ಕೂ ಅದೇ. ಎಲ್ಲರೂ ಒಂದೇ ಹೊತ್ತಿಗೆ ತಮ್ಮ ಆಯ್ಕೆ ತೋರಿಸಬೇಕು. ಕಡೆಗೆ ಸಂಗಡಿಗರು ಸಂಗಡಿಗರಿಗೇ ಅಂಕ ಕೊಡುತ್ತಾರೆ. ಒಕ್ಲಹೋಮಾಕ್ಕೂ ಕಲ್ಯಾಣಕ್ಕೂ ನಂಟು ಕಟ್ಟುವ ಹಠ ನನಗಿಲ್ಲ. ಆದರೆ ಮೊದಲು ಸ್ವಂತ ಅಂಕಿತ, ಆಮೇಲೆ ಸಭೆ ಎಂಬ ಕ್ರಮ ಬಲ್ಲವರಿಗೆ ಇದು ಪರಕೀಯ ಅನ್ನಿಸದು.

ಈ ಪದ್ಧತಿಯನ್ನು ನನ್ನ ತರಗತಿಗೂ ತಂದಿದ್ದೇನೆ. ನಾನು ಕೊಡುವ ಒಂದು ಸಮಸ್ಯೆ ಹೀಗಿರುತ್ತದೆ: ಕಲ್ಯಾಣದ ಕೂಟ ಒಡೆಯಲು ಮುಖ್ಯ ಕಾರಣ ಯಾವುದು? ಮಧುವರಸ ಹರಳಯ್ಯರ ಬೀಗತನವೇ, ಬಿಜ್ಜಳನ ಮನೆತನದ ಒಳಜಗಳವೇ, ರಾಜಭಂಡಾರದ ಹಣದ ವಿಷಯದಲ್ಲಿ ಬಸವಣ್ಣನವರ ಮೇಲೆ ಬಂದ ಅಪವಾದವೇ, ಹಳೆಯ ಪುರೋಹಿತಶಾಹಿಯ ವಿರೋಧವೇ? ನಾಲ್ಕರಲ್ಲಿ ಒಂದನ್ನೇ ಆರಿಸಬೇಕು. ನಾನು ‘ಎತ್ತಿ’ ಅಂದ ಕೂಡಲೆ ಎಲ್ಲ ತಂಡಗಳೂ ಸಂಖ್ಯೆ ಬರೆದ ರಟ್ಟು ಎತ್ತಬೇಕು. ಪಕ್ಕದವರನ್ನು ನೋಡಿ ಎತ್ತುವಂತಿಲ್ಲ. ರಟ್ಟು ಬೇರೆ ಬೇರೆ ಬಂದ ಗಳಿಗೆಯಿಂದ ತರಗತಿ ನನ್ನ ಕೈಯಲ್ಲಿ ಇರುವುದಿಲ್ಲ. ಯಾವ ಆಧಾರ ಶಾಸನದ್ದು, ಯಾವುದು ಪುರಾಣದ್ದು ಎಂದು ಅವರೇ ಒಬ್ಬರನ್ನೊಬ್ಬರು ಹಿಡಿದು ಕೇಳುತ್ತಾರೆ.

ತಂಡ ಕಟ್ಟುವುದನ್ನು ವಿದ್ಯಾರ್ಥಿಗಳಿಗೆ ಬಿಡಬಾರದು. ಬಿಟ್ಟರೆ ಊರಿನವರು ಊರಿನವರ ಜೊತೆ, ಜಾತಿಯವರು ಜಾತಿಯವರ ಜೊತೆ, ಹುಡುಗಿಯರು ಹುಡುಗಿಯರ ಜೊತೆ ಕೂಡುತ್ತಾರೆ, ನಾಗಾವಿ ಮರಳಿ ಬರುತ್ತದೆ. ನಾನೇ ಹೆಸರು ಬೆರೆಸುತ್ತೇನೆ. ಒಂದೊಂದು ತಂಡದಲ್ಲೂ ಭಾಷೆ ಬೇರೆ, ಓಣಿ ಬೇರೆ ಇರಬೇಕು. ಮೊದಲ ವಾರಗಳಲ್ಲಿ ಗಡಸು ದನಿಯವರೇ ಮಾತಾಡುತ್ತಾರೆ. ಒಂಟಿ ಪರೀಕ್ಷೆಯ ಅಂಕ ಹೊರಬಿದ್ದಾಗ, ಸುಮ್ಮನಿದ್ದ ಚಿಟಗುಪ್ಪದ ಹುಡುಗಿ ಸರಿಯಾದ ಉತ್ತರ ಬರೆದಿದ್ದಳು, ತಂಡ ಅವಳನ್ನು ಕೇಳದೆ ತಪ್ಪು ಬರೆಯಿತು ಎಂಬುದು ಎಲ್ಲರಿಗೂ ಕಾಣುತ್ತದೆ. ಮುಂದಿನ ಸಲ ಅವಳ ಕಡೆ ತಿರುಗಿ ‘ನೀ ಏನ್ ಬರ್ದಿ ಹೇಳಾ’ ಅಂತಾರೆ. ಒಮ್ಮೆ ಕೇಳಿಸಿಕೊಂಡ ಮೇಲೆ ಅವಳು ಸುಮ್ಮನಿರುವುದಿಲ್ಲ. ಸಂಗಡಿಗರಿಗೆ ಅಂಕ ಕೊಡುವುದೇ ಎಲ್ಲಕ್ಕಿಂತ ಕಷ್ಟ. ಮುಖದಾಕ್ಷಿಣ್ಯಕ್ಕೆ ಎಲ್ಲರಿಗೂ ಪೂರ್ತಿ ಅಂಕ ಹಾಕಿ ಕೊಡುತ್ತಾರೆ. ಅಂಥ ಹೊತ್ತಿನಲ್ಲಿ ಲಕ್ಕಮ್ಮನ ಕಥೆ ಹೇಳಿ ಮತ್ತೆ ಬರೆಸುತ್ತೇನೆ.

2021ರ ಜನವರಿ 6ರಂದು ಬಸವಕಲ್ಯಾಣದಲ್ಲಿ ಹೊಸ ಅನುಭವ ಮಂಟಪಕ್ಕೆ ಶಂಕುಸ್ಥಾಪನೆಯಾಯಿತು. 770 ಅಮರಗಣಂಗಳ ನೆನಪಿಗೆ 770 ಕಂಬಗಳ ಯೋಜನೆ ಅದು. 2024ರಲ್ಲಿ ಸರ್ಕಾರ ಬಸವಣ್ಣನವರನ್ನು ಸಾಂಸ್ಕೃತಿಕ ನಾಯಕ ಎಂದು ಘೋಷಿಸಿತು. ಎರಡೂ ಸಂತೋಷದ ಸಂಗತಿ. ಕಟ್ಟಡದ ಹೊಣೆ ಹೊತ್ತವರಲ್ಲಿ ನನ್ನ ಬೇಡಿಕೆ ಇಷ್ಟು: ಅಲ್ಲಿ ವೇದಿಕೆಯಿಲ್ಲದ, ಮೈಕಿಲ್ಲದ ಕೆಲವು ಕೋಣೆಗಳಿರಲಿ. ಏಳೆಂಟು ಜನ ದುಂಡಗೆ ಕೂಡುವಷ್ಟು ಜಾಗ ಸಾಕು. ಜಿಲ್ಲೆಯ ಯಾವ ಕಾಲೇಜಿನ ಮಕ್ಕಳು ಬಂದರೂ ಅವು ಬಾಡಿಗೆಯಿಲ್ಲದೆ ತೆರೆದಿರಲಿ. ನನ್ನ ಅಧ್ಯಾಪಕ ಬಂಧುಗಳಲ್ಲಿಯೂ ಒಂದು ವಿನಂತಿ. ವಿದ್ಯಾರ್ಥಿಗಳನ್ನು ಬಸವಕಲ್ಯಾಣಕ್ಕೆ ಪ್ರವಾಸ ಕರೆತರುವಾಗ ಗವಿ ತೋರಿಸಿ, ಫೋಟೋ ತೆಗೆಸಿ ಬಸ್ಸು ಹತ್ತಿಸಬೇಡಿ. ತ್ರಿಪುರಾಂತದ ದಂಡೆಯಲ್ಲಿ ಅವರನ್ನು ಬೆರೆಸಿ ಕೂಡಿಸಿ, ಒಂದು ಗಟ್ಟಿ ಪ್ರಶ್ನೆ ಕೊಡಿ, ಒಂದು ತಾಸು ನೀವು ಬಾಯಿ ಬಿಡದೆ ಕೇಳಿಸಿಕೊಳ್ಳಿ.